ಕೊಸರಿಗೆ ಬಂದ ಹುಲಿ

ಎತ್ತಿನ ವ್ಯಾಪಾರದಲ್ಲಿ ನನಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನಿಗೆ ಹಲ್ಲು ಬಂದಿಲ್ಲ. ಆಳಂದದ ಸಂತೆಯಲ್ಲಿ ನಿಂತು "ದಲಾಲಿ ಗುರುಪಾದಪ್ಪ ಎಲ್ಲಿ?" ಎಂದು ಯಾರನ್ನು ಕೇಳಿದರೂ ನನ್ನ ಕಡೆ ಬೆರಳು ತೋರಿಸುತ್ತಾರೆ. ಕೆಲವರು ಬೆರಳಿನ ಜೊತೆಗೆ ಒಂದೆರಡು ಮಾತನ್ನೂ ಸೇರಿಸುತ್ತಾರೆ. ಅದು ಇಲ್ಲಿ ಬೇಡ. ನನ್ನಪ್ಪ ನನಗೆ ಬಿಟ್ಟುಹೋದ ಆಸ್ತಿ ಒಂದು ಹಗ್ಗ. ಅದರ ತುದಿಗೆ ಎತ್ತು ಇರಲಿಲ್ಲ. ಎತ್ತನ್ನು ನಾನೇ ನನ್ನ ಬಾಯಿಯಿಂದ ಸಂಪಾದಿಸಿದೆ.

ಹೀಗೆ ಮೇಲೆ ಬಂದವನಾದ್ದರಿಂದ ನಾಲ್ಕು ಜನಕ್ಕೆ ಬುದ್ಧಿ ಹೇಳುವ ಅಧಿಕಾರ ನನಗಿದೆ ಎಂದು ತಿಳಿದಿದ್ದೇನೆ. ಕೇಳಿ. ಯಾವ ವಸ್ತುವನ್ನೇ ಕೊಳ್ಳಿ, ಕೊಸರು ಕೇಳದೆ ಜಾಗ ಬಿಟ್ಟು ಏಳಬೇಡಿ. ಕಾಯಿಪಲ್ಯ ಕೊಂಡರೆ ಒಂದು ಹಿಡಿ ಕೊತ್ತಂಬರಿ ಕೊಸರು. ಎಣ್ಣೆ ಕೊಂಡರೆ ಮೇಲೊಂದು ಹನಿ ಕೊಸರು. ಎತ್ತು ಕೊಂಡರೆ ಹಗ್ಗ, ಮೂಗುದಾರ, ಕೊರಳ ಗೆಜ್ಜೆ. ಕೊಸರಿಲ್ಲದ ವ್ಯಾಪಾರ ಉಪ್ಪಿಲ್ಲದ ಅಂಬಲಿ!

ಈ ಮಹಾತತ್ವವನ್ನು ನಾನು ಒಮ್ಮೆ ಸಿನಿಮಾ ಪೋಸ್ಟರಿಗೆ ಅನ್ವಯಿಸಿದೆ. ಮುಂದೆ ನಡೆದದ್ದನ್ನು ಆಳಂದದ ಮಂದಿ ಈಗಲೂ ನನ್ನೆದುರಿಗೇ ಹೇಳಿಕೊಂಡು ನಗುತ್ತಾರೆ. ಅವರು ಹೇಳುವಾಗ ಸ್ವಲ್ಪ ಉಪ್ಪು ಖಾರ ಬೆರೆಸುತ್ತಾರೆ. ಅದಕ್ಕಾಗಿ ನಾನೇ ಬರೆಯುವುದು ಮೇಲು.

ನಲವತ್ತೆಂಟರ ಚಳಿಗಾಲ. ನಿಜಾಮಶಾಹಿ ಮುಗಿದು, ರಸ್ತೆಗಳ ಮೇಲಿನ ಭಯ ಇಳಿದು, ಸೊಲ್ಲಾಪುರದ ಸಾಮಾನು ಗಡಿಯ ಹಳ್ಳಿ ಖಜೂರಿಯ ಮೇಲೆ ಹಾದು ಮತ್ತೆ ನಮ್ಮೂರಿಗೆ ಬರತೊಡಗಿತ್ತು. ಅಷ್ಟು ದಿನ ಬಾಗಿಲು ಹಾಕಿಕೊಂಡು ಕೂತಿದ್ದ ಮಂದಿಗೆ ಈಗ ಹೊರಗೆ ಬಂದು ಏನನ್ನಾದರೂ ನೋಡಬೇಕಾಗಿತ್ತು. ಏನನ್ನಾದರೂ ಎಂದರೆ ಏನನ್ನಾದರೂ! ಹೊಸ ಅಧಿಕಾರಿ ಜೀಪಿನಿಂದ ಇಳಿದರೆ ಅವರನ್ನೂ ಗುಂಪುಗೂಡಿ ನೋಡುತ್ತಿದ್ದರು, ಮತ್ತೆ ಹತ್ತಿದರೆ ಇನ್ನೊಮ್ಮೆ ನೋಡುತ್ತಿದ್ದರು.

ಈ ಹಸಿವನ್ನು ಮೊದಲು ಕಂಡುಕೊಂಡವನು ನನ್ನ ಹೆಂಡತಿ ಗುರಮ್ಮನ ತಮ್ಮ ಸಿದ್ರಾಮ. ಸೊಲ್ಲಾಪುರಕ್ಕೆ ಹೋಗಿ ಹಳೆಯದೊಂದು ಸಿನಿಮಾ ಮಷಿನ್ನು, ಒಂದು ತಂಬು ತಂದ. ಆ ಮಷಿನ್ನಿನ ಜೊತೆ ಬಂದದ್ದು ಒಂದು ಸಣ್ಣ ಚಿತ್ರ. ಅರ್ಧ ತಾಸಿನಲ್ಲಿ ಮುಗಿಯುವಂಥದ್ದು, ಮಾತಿಲ್ಲದ್ದು. ಪರದೆಯ ಪಕ್ಕದಲ್ಲಿ ನಿಂತು ಸಿದ್ರಾಮನೇ ಕತೆ ಹೇಳಬೇಕು.

ಮೊದಲ ಮುಕ್ಕಾಂ ಜೇವರ್ಗಿಯಲ್ಲಿ ಹಾಕಿದ. ಪೋಸ್ಟರ್ ಹಚ್ಚಲಿಲ್ಲ. ತಂಬು ನೋಡಿದ ಮಂದಿ ಹಲ್ಲು ಕೀಳುವ ಡಾಕ್ಟರ್ ಬಂದಿದ್ದಾನೆ ಎಂದು ತಿಳಿದು, ಗಲ್ಲ ಊದಿಸಿಕೊಂಡು ಒಬ್ಬೊಬ್ಬರೇ ಒಳಗೆ ಬಂದರಂತೆ. ಕತ್ತಲೆ ಮಾಡಿದ ಕೂಡಲೇ ಎದ್ದು ಓಡಿಹೋದರಂತೆ!

ಆದರೆ ಜೇವರ್ಗಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಹತ್ತಿರದ ಅಂದೋಲಾದಿಂದ ಅವನಿಗೊಂದು ಹೆಣ್ಣಿನ ಮಾತು ಬಂತು. ಹುಡುಗಿಯನ್ನು ಸಿದ್ರಾಮ ಒಮ್ಮೆ ನೋಡಿದ. ಅಂದಿನಿಂದ ಅವನಿಗೆ ರೊಟ್ಟಿ ರುಚಿಸಲಿಲ್ಲ. ಆ ಮನೆಯಲ್ಲಿ ನಡೆಯುವುದು ಹುಡುಗಿಯ ಅಜ್ಜಿ ಗೌರಮ್ಮನ ಮಾತು. ಅವರು ಹೇಳಿಕಳಿಸಿದ್ದು ಇಷ್ಟು: "ಹುಡುಗ ಛಲೋ ಇದ್ದಾನ. ಆದ್ರ ಅರಬಿ ಪರದಿ ಮ್ಯಾಲ ನೆರಳ ಕುಣಿಸೋದು ಎಂಥಾ ಧಂದೆ ಅಂತ ನನಗ ತಿಳಿವಲ್ದು. ನಾನ ಆಳಂದಕ್ಕ ಬಂದು ಕಣ್ಣಾರೆ ನೋಡ್ತೇನಿ. ಸುಳ್ಳಿನ ಧಂದೆ ಆಗಿದ್ರ ಹುಡುಗಿ ಕೊಡಂಗಿಲ್ಲ."

ಸಿದ್ರಾಮ ಆಳಂದಕ್ಕೆ ಬಂದು ಸಂತೆಯ ಬಯಲಲ್ಲಿ ತಂಬು ಹಾಕಿದ. ನಮ್ಮ ಪಡಸಾಲೆಯಲ್ಲಿ ಮೋರೆ ಸಣ್ಣದು ಮಾಡಿಕೊಂಡು ಕೂತ.

"ಅಕ್ಕಾ, ಈ ಸಲ ಪೋಸ್ಟರ್ ಇಲ್ಲಂದ್ರ ನಡ್ಯಂಗಿಲ್ಲ. ಒಳಗ ಏನ್ ಅದ ಅಂತ ಹೊರಗಿನವರಿಗೆ ತಿಳೀಬೇಕು."

"ನಾ ತರ್ತೇನಿ!" ಎಂದೆ ನಾನು.

ಗುರಮ್ಮ ಬೇಳೆ ಆರಿಸುವುದನ್ನು ನಿಲ್ಲಿಸಿದಳು. "ನೀವು ಎತ್ತಿನ ಬಾಲ ಎತ್ತಿ ನೋಡಿದವ್ರು. ಚಿತ್ರದ ಬಗ್ಗಿ ನಿಮಗೇನ್ ಗೊತ್ತದ್ರೀ?"

"ಎತ್ತಿಗಿ ನಾಕ ಕಾಲು, ಚಿತ್ರಕ್ಕ ನಾಕ ಮೂಲಿ. ಏನ್ ಮಹಾ ಫರಕ ಬೇ?"

"ನನ್ನ ತಮ್ಮನ ಬಾಳೇವು ಇದರ ಮ್ಯಾಲ ನಿಂತದ. ದಯಮಾಡಿ ನೀವು ನಡುವ ಬರಬ್ಯಾಡ್ರಿ."

ಹೆಂಗಸರು ದಯಮಾಡಿ ಎಂದರೆ ಅದು ಕರೆದಂತೆಯೇ. ಮರುದಿನವೇ ಅಫಜಲಪುರದ ದಾರಿ ಹಿಡಿದೆ.

ಅಫಜಲಪುರದಲ್ಲಿ ಲಕ್ಷ್ಮಣ ಪೇಂಟರ್ ಎಂಬವರಿದ್ದರು. ಸೊಲ್ಲಾಪುರದ ಥೇಟರುಗಳಿಗೆ ಬೋರ್ಡು ಬರೆದು ಕೈ ಪಳಗಿಸಿಕೊಂಡ ಮನುಷ್ಯ. ಉದ್ದ ಕೂದಲು, ಮೊಣಕೈತನಕ ಬಣ್ಣ, ಮಾತಿನಲ್ಲಿ ಮಹಾರಾಜ. ತಮ್ಮಂಥ ಕಲಾವಿದ ಭೀಮಾ ನದಿಯ ಈ ದಂಡೆಯಲ್ಲಿ ಇಲ್ಲ, ಆ ದಂಡೆಯಲ್ಲೂ ಇಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟರು. ನಾನು ನಂಬಲಿಲ್ಲ. ಮಾರುವವನು ತನ್ನ ಎತ್ತನ್ನು ಹೊಗಳಿದರೆ ನಂಬುವುದುಂಟೇ?

ಆದರೆ ಅವರ ಮನೆಯ ಗೋಡೆ ನೋಡಿದ ಮೇಲೆ ನನ್ನ ಬಾಯಿ ತಾನಾಗಿಯೇ ಮುಚ್ಚಿತು. ತಳದಿಂದ ಮಾಳಿಗೆಯವರೆಗೆ ಅವರೇ ಬರೆದ ಪೋಸ್ಟರುಗಳು. ಪೇಂಟರ್ ಒಂದರ ಮೇಲಿದ್ದ ಅಕ್ಷರಗಳನ್ನು ಅಂಗೈಯಿಂದ ಮುಚ್ಚಿದರು.

"ಇದು ಏನ್ ಪಿಚ್ಚರ್, ಹೇಳ್ರಿ ನೋಡೋಣ?"

ನೋಡಿದೆ. ಒಬ್ಬ ಹೆಂಗಸಿನ ದೊಡ್ಡ ಮುಖ, ಕೆಳಗೆ ನೋಡುವ ಕಣ್ಣು. ದೂರದಲ್ಲಿ ಬೊಟ್ಟಿನಷ್ಟು ಸಣ್ಣ ಗಂಡಸು, ಬೆನ್ನು ನಮ್ಮ ಕಡೆ. ನಡುವೆ ಉದ್ದನೆಯ ರಸ್ತೆ. ಅವಳ ಹಿಂದೆ ಮನೆಯ ಬಾಗಿಲು.

"ಗಂಡ ಬಿಟ್ಟು ಹೋಗ್ಯಾನ್ರಿ," ಎಂದೆ.

"ತಿರುಗಿ ಬರ್ತಾನೋ ಇಲ್ಲೋ?"

"ಬರ್ತಾನ್ರಿ. ಆಕಿ ಬಾಗಲದಾಗ ದೀಪ ಉರಿಯಾಕತ್ತದಲ್ಲ!"

ಪೇಂಟರ್ ತೊಡೆ ತಟ್ಟಿಕೊಂಡರು. ಒಂದಕ್ಷರವನ್ನೂ ಓದದೆ, ಎತ್ತಿನ ದಲಾಲಿ ನಾನು ಮೂರು ತಾಸಿನ ಕತೆಯನ್ನು ಮೂರು ಉಸಿರಿನಲ್ಲಿ ಹೇಳಿಬಿಟ್ಟಿದ್ದೆ! ಅದು ನನ್ನ ಜಾಣತನ ಎಂದು ಆಗ ಅನಿಸಿತ್ತು. ಈಗ ತಿಳಿದಿದೆ, ಅದು ಅವರ ಕುಂಚದ ಜಾಣತನ. ಇನ್ನೊಂದು ಪೋಸ್ಟರಿನಲ್ಲಿ ದಪ್ಪ ಮನುಷ್ಯನೊಬ್ಬ ಸಣ್ಣ ಮಂಚದ ಮೇಲೆ ಮಲಗಿದ್ದ. ಅವನ ಕಾಲು ಚಿತ್ರದಿಂದ ಹೊರಗೆ ಹೋಗಿದ್ದವು. ನೋಡಿದ ಕೂಡಲೇ ನಗು ಬಂತು, ಇದು ನಗೆಯ ಆಟ ಎಂದು ಯಾರೂ ಹೇಳಬೇಕಾಗಲಿಲ್ಲ. ಮತ್ತೊಂದರಲ್ಲಿ ಅರ್ಧ ತೆರೆದ ಬಾಗಿಲು, ಅದರ ಸಂದಿಯಲ್ಲಿ ಒಂದು ಕೈ. ಅಷ್ಟೇ. ಹಾಡಹಗಲಿನಲ್ಲಿ ನನ್ನ ಮೈಮೇಲಿನ ಕೂದಲು ನಿಂತವು.

"ಇಡೀ ದೆವ್ವಾ ಬರದಿದ್ರ ನೀವು ಅಂಜತಿದ್ದಿಲ್ಲ," ಎಂದರು ಪೇಂಟರ್ ಬೀಡಿ ಹಚ್ಚುತ್ತ. "ನಾ ಕೈ ಅಷ್ಟೇ ಬರದೀನಿ. ಉಳಿದ ದೆವ್ವಾ ನೀವ ಬರಕೊಂಡ್ರಿ."

ಸತ್ಯ ಹೇಳುತ್ತೇನೆ, ಜೀವನದಲ್ಲಿ ನಾನು ಮೆಚ್ಚಿದ ಕುಶಲಕರ್ಮಿಗಳು ಕಡಿಮೆ. ಆ ಹೊತ್ತಿನಲ್ಲಿ ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಹೊರಗೆ ತೋರಿಸಲಿಲ್ಲ, ತೋರಿಸಿದರೆ ವ್ಯಾಪಾರ ಕೆಡುತ್ತದೆ.

ಆಮೇಲೆ ನಮ್ಮ ಚಿತ್ರದ ಕತೆ ಹೇಳಿದೆ. ಗಂಡನೊಬ್ಬ ಹೆಂಡತಿಯ ಎದುರಿಗೆ ಮೀಸೆ ತಿರುವಿ, ಅಡಿಗೆ ಅಂದರೆ ಮಕ್ಕಳಾಟ, ಇವತ್ತು ನಾನೇ ಮಾಡುತ್ತೇನೆ ಎನ್ನುತ್ತಾನೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಸಂಜೆಯ ಹೊತ್ತಿಗೆ ಮನೆ ತುಂಬ ಹೊಗೆ, ಗಂಡನ ಮೈ ತುಂಬ ಹಿಟ್ಟು, ಹಾಲು ಬೆಕ್ಕಿನ ಪಾಲು. ಇಷ್ಟೇ ಕತೆ.

ಪೇಂಟರ್ ಕಣ್ಣು ಮುಚ್ಚಿ ಕೇಳಿದರು. "ಮೂರ ತಾಸಿನ ಪಿಚ್ಚರಿನ ಪೋಸ್ಟರ್ ಅಂದ್ರ ಲಗ್ನದ ಊಟ ಇದ್ದಂಗ. ಎಲಿ ತುಂಬ ಬಡಸಬೇಕು. ಸಣ್ಣ ಪಿಚ್ಚರ್ ಅಂದ್ರ ಒಂದ ಪೇಡಾ. ಬಾಯಾಗ ಇಟ್ಟು ಸುಮ್ನಿರಬೇಕು," ಎಂದು, ಸಣ್ಣ ಹಾಳೆಯೊಂದನ್ನು ತೆಗೆದು, ನಾನು ಎಲೆಗೆ ಸುಣ್ಣ ಸವರುವಷ್ಟರಲ್ಲಿ ಒಂದು ಮಾದರಿ ಬರೆದು ಬಣ್ಣ ತುಂಬಿಬಿಟ್ಟರು.

ಹಳದಿ ಹಾಳೆ. ನಡುವೆ ದೊಡ್ಡ ಗಂಡ. ತಲೆಗೆ ರುಮಾಲು, ಮೀಸೆಗೆ ಹಿಟ್ಟು, ಕೈಯಲ್ಲಿ ಲಟ್ಟಣಿಗೆಯನ್ನು ಕತ್ತಿಯ ಹಾಗೆ ಎತ್ತಿ ಹಿಡಿದಿದ್ದಾನೆ. ದೂರದ ಬಾಗಿಲಲ್ಲಿ ಸಣ್ಣ ಹೆಂಡತಿ, ಬಾಯಿಗೆ ಸೆರಗು. ಹಾಳೆಯ ಅಂಚಿನಲ್ಲಿ ಹೊರಗೆ ಓಡುತ್ತಿರುವ ಬೆಕ್ಕಿನ ಬಾಲ ಮಾತ್ರ. ಸುತ್ತಲೂ ಖಾಲಿ.

ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ಬಾಗಿಲಲ್ಲಿ ಇಣುಕಿ ನೋಡಿ ಗೊಳ್ಳೆಂದು ನಕ್ಕಳು. "ಅಯ್ಯ ನನ್ನವ್ವಾ! ನಮ್ಮ ಮನಿಯವನ ಚಿತ್ರ ಯಾರ ತಗದಾರ?"

ಪೋಸ್ಟರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೇ? "ಇದನ್ನೇ ದೊಡ್ಡ ಬಟ್ಟೆಯ ಮೇಲೆ ಬರೆದುಕೊಡಿ" ಎಂದು ಹೇಳಿ ನಾನು ಕೈ ಕಟ್ಟಿ ಕೂತಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ಪೇಂಟರ್ ದೊಡ್ಡ ಬಟ್ಟೆ ಕಟ್ಟಿದರು. ಗಂಡನನ್ನು ಬರೆದರು, ಹೆಂಡತಿಯನ್ನು ಬರೆದರು, ಬಾಲವನ್ನು ಬರೆದರು. ಕುಂಚ ತೊಳೆಯಲು ಎದ್ದರು. ಬಟ್ಟೆಯ ಮುಕ್ಕಾಲು ಪಾಲು ಬರೀ ಹಳದಿ!

"ಪೇಂಟರ್ ಸಾಹೇಬ್ರ, ಬಣ್ಣ ಮುಗದಾವೇನ್ರಿ?"

"ಯಾಕ್ರಿ?"

"ಇಷ್ಟೊಂದು ಜಾಗಾ ಖಾಲಿ ಬಿಟ್ಟೀರಲ್ಲ."

"ಅದು ನೋಡವ್ರು ನಗಾಕ ಇರೋ ಜಾಗಾ."

"ನಮ್ಮ ಕಡಿ ಮಂದಿ ಸಣ್ಣ ಜಾಗಾದಾಗೂ ನಗ್ತಾರ್ರಿ. ಹೊಲ ಕೊಂಡವ್ರು ಯಾರರ ಮುಕ್ಕಾಲು ಹೊಲ ಬೀಳು ಬಿಡ್ತಾರೇನು? ಕೊಸರು ಏನ್ ಹಾಕ್ತೀರಿ, ಹೇಳ್ರಿ."

"ಕೊಸರು? ಚಿತ್ರದಾಗ?"

"ಹೂಂ. ಒಂದು ಕುದುರಿ ಹಾಕ್ರಿ."

"ಅಡಿಗಿ ಮನ್ಯಾಗ ಕುದುರಿ ಹೆಂಗ ಬರ್ತದ್ರಿ?" ಪೇಂಟರ್ ಕೂಗಿದರು.

ನಾನು ವಾದ ಮಾಡಲಿಲ್ಲ. ದಲಾಲಿಯಾದವನು ಎಂದೂ ವಾದ ಮಾಡುವುದಿಲ್ಲ, ಎದ್ದು ಹೊರಡುತ್ತಾನೆ. ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡು, ಹೊಸ್ತಿಲ ತನಕ ಹೋಗಿ, ಬೆನ್ನು ತಿರುಗಿಸಿಯೇ ಹೇಳಿದೆ: "ಇರ್ಲಿ ಬಿಡ್ರಿ. ಕುದುರಿ ಬರಿಯೋದು ಎಲ್ಲರ ಕೈಲೆ ಆಗಂಗಿಲ್ಲ."

ಹಿಂದೆ ಕುಂಚದ ಡಬ್ಬಿ ಸಪ್ಪಳ ಮಾಡಿತು. "ಕುದುರಿ? ನನ್ನ ಕೈಲೆ ಆಗಂಗಿಲ್ಲ? ಕೂಡ್ರಿ ಹಿಂದಕ್ಕ!"

ಕುದುರೆ ಬಂತು! ಮುಂಗಾಲೆರಡನ್ನೂ ಆಕಾಶಕ್ಕೆ ಎತ್ತಿ, ಜೂಲು ಕೆದರಿ, ಮೂಗಿನ ಹೊಳ್ಳೆ ಅರಳಿಸಿ ನಿಂತ ಕಪ್ಪು ಕುದುರೆ. ಅಂಥ ಕುದುರೆ ಸಂತೆಗೆ ಬಂದಿದ್ದರೆ ಕಣ್ಣು ಮುಚ್ಚಿ ಕೊಳ್ಳುತ್ತಿದ್ದೆ. ಆದರೆ ಪ್ರಾಣಿಗಳನ್ನು ಬಲ್ಲವನು ನಾನು, ಕೇಳದೆ ಇರಲಾಗಲಿಲ್ಲ.

"ಇದು ಯಾಕ ಹಿಂಗ ಎದ್ದು ನಿಂತದ? ಏನರ ನೋಡಿ ಅಂಜಿರಬೇಕಲ್ಲ?"

ಪೇಂಟರ್ ಕುದುರೆಯನ್ನು ನೋಡಿದರು. ನನ್ನ ಮಾತು ನ್ಯಾಯವಾಗಿತ್ತು. ಹುಲಿ ಬಂತು! ಬೆಕ್ಕಿನ ಬಾಲ ಸುಮ್ಮನೆ ಹಾಳಾಗಬಾರದೆಂದು ಅದಕ್ಕೇ ಪಟ್ಟೆ ಹಾಕಿ, ಹುಲಿಯನ್ನು ಅದರ ತುದಿಯಿಂದ ಶುರು ಮಾಡಿದರು.

"ಹುಲಿ ಊರಾಗ ಯಾಕ ಬಂತ್ರಿ?" ಎಂದು ಈಗ ಅವರೇ ನನ್ನನ್ನು ಕೇಳಿದರು. ರುಚಿ ಹತ್ತಿತ್ತು.

"ಅಡವಿಗಿ ಬೆಂಕಿ ಬಿದ್ದಿರಬೇಕು."

ಬೆಂಕಿ ಬಂತು. ಇಷ್ಟೆಲ್ಲ ಅನಾಹುತವಾದ ಮೇಲೆ ದೇವರು ಸುಮ್ಮನೆ ಕೂಡುತ್ತಾನೆಯೇ? ಮೇಲಿನ ಮೂಲೆಯಲ್ಲಿ ಮೋಡ ಸರಿಸಿ ಒಬ್ಬ ದೇವರೂ ಬಂದ, ಅಭಯಹಸ್ತ ತೋರಿಸುತ್ತ.

ಇಬ್ಬರೂ ಹಿಂದೆ ಸರಿದು ನಿಂತು ನೋಡಿದೆವು. ಗಂಡನ ಮೈಮೇಲಿನ ಒಂದು ಗೆರೆಯನ್ನೂ ಅವರು ಮುಟ್ಟಿರಲಿಲ್ಲ. ಆದರೂ ಲಟ್ಟಣಿಗೆ ಹಿಡಿದು ರೊಟ್ಟಿಯ ಮೇಲೆ ಯುದ್ಧಕ್ಕೆ ಹೊರಟಿದ್ದವನು ಈಗ ಗದೆ ಹಿಡಿದು ಹುಲಿಯ ಮೇಲೆ ಏರಿಹೋಗುತ್ತಿದ್ದ! ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದಿದ್ದ ಹೆಂಡತಿ ಈಗ ಅಂಜಿ ಬಾಯಿಗೆ ಸೆರಗು ಹಿಡಿದಿದ್ದಳು! ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಮನುಷ್ಯನ ಮೋರೆಯೇ ಬದಲಾಗುತ್ತದೆ ಎಂಬುದನ್ನು ಅಂದು ಕಂಡೆ.

"ಗುರುಪಾದಪ್ಪಾರ, ಹುಲಿ ಖರೇನ ಛಲೋ ಬಂದದ," ಎಂದರು ಪೇಂಟರ್ ಮೆಲ್ಲಗೆ. "ಆದ್ರ ನಿಮ್ಮ ಪಿಚ್ಚರ್ ಎಲ್ಲಿ ಹೋತು?"

"ಹುಲಿ ತಿಂದಿರಬೇಕು ಬಿಡ್ರಿ!" ಎಂದು ನಕ್ಕೆ.

ಹೊರಡುವಾಗ ಅವರು ಮೊದಲು ಬರೆದ ಸಣ್ಣ ಮಾದರಿಯನ್ನೂ ಸುರುಳಿ ಸುತ್ತಿ ಕೈಗಿಟ್ಟರು. "ಇದನ್ನೂ ಒಯ್ರಿ. ಕೊಸರು ಕೊಸರು ಅಂತಿದ್ರಲ್ಲ!"

ಆಳಂದ ಮುಟ್ಟಿದವನೇ ಬಟ್ಟೆಯನ್ನು ಬಂಡಿಗೆ ಕಟ್ಟಿಸಿ, ಮುಂದೆ ಹಲಗೆ ಬಾರಿಸುವವರನ್ನು ಬಿಟ್ಟು, ಸುತ್ತಲಿನ ಮಟಕಿ, ಖಜೂರಿ ಹಳ್ಳಿಗಳನ್ನೆಲ್ಲ ಸುತ್ತಿಸಿದೆ. ಹೋದಲ್ಲೆಲ್ಲ ಮಂದಿ ಕೆಲಸ ಬಿಟ್ಟು ಓಡಿಬಂದರು. ಹೆಮ್ಮೆಯಿಂದ ಮನೆಗೆ ಬಂದು, ಅಂಗಳದಲ್ಲಿ ಬಂಡಿ ನಿಲ್ಲಿಸಿ, ಗುರಮ್ಮನನ್ನು ಕರೆದೆ.

ಆಕೆ ಬಂದು ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ನೋಡಿದಳು. "ಇದು ಯಾರ ಪಿಚ್ಚರ್ರೀ?"

"ನಿನ್ನ ತಮ್ಮಂದು!"

"ಅದರಾಗ ಹುಲಿ ಅದ ಏನು?"

"ಇಲ್ಲ."

"ಕುದುರಿ?"

"ಇಲ್ಲ."

"ಬೆಂಕಿ?"

"ಒಲಿ ಅದಲ್ಲ ಬೇ!"

ಗುರಮ್ಮ ಹಣೆ ಹಣೆ ಬಡಿದುಕೊಂಡಳು. ಸಿದ್ರಾಮನ ಮುಖ ಸುಣ್ಣದ ಗೋಡೆಯಾಗಿತ್ತು. "ಭಾವಾರ, ಗೌರಮ್ಮವ್ವ ಸುಳ್ಳಿನ ಧಂದೆ ಬ್ಯಾಡ ಅಂದಾರ. ನೀವು ಹುಲೀನ ಊರ ತುಂಬ ತಿರುಗಿಸಿ ಬಂದ್ರೇನು?" ಎಂದು ಅಳುವ ದನಿಯಲ್ಲಿ ಕೇಳಿದ. ಆಮೇಲೆ ನನ್ನ ಕಂಕುಳಲ್ಲಿದ್ದ ಸುರುಳಿಯನ್ನು ಎಳೆದು ಬಿಚ್ಚಿ ನೋಡಿ, ಹೋಗಿ, ತಂಬಿನ ಹಿಂಬದಿಯ ಹೆಣ್ಣುಮಕ್ಕಳ ಬಾಗಿಲಿಗೆ ಅದನ್ನು ಕಟ್ಟಿದ.

"ಅಷ್ಟ ಸಣ್ಣದನ್ನ ಯಾರ ನೋಡ್ತಾರೋ ಮಳ್ಳ?" ಎಂದೆ. ಮುಂದಿನ ಬಾಗಿಲಿಗೆ ನನ್ನ ಹುಲಿಯನ್ನು ನಾನೇ ನಿಂತು ಕಟ್ಟಿಸಿದೆ.

ಆಟದ ದಿನ ಸಂಜೆ ಆಗುವ ಮೊದಲೇ ಬಯಲು ತುಂಬಿತು. ಅಂಥ ಮಂದಿಯನ್ನು ನಾನು ಸಂತೆಯಲ್ಲೂ ಕಂಡಿರಲಿಲ್ಲ. ಒಂದೇ ಪೋಸ್ಟರ್, ಆದರೆ ಒಬ್ಬೊಬ್ಬರು ಒಂದೊಂದು ಪಿಚ್ಚರಿಗೆ ಬಂದಿದ್ದರು! ಮಟಕಿಯ ರೈತರು ಬಡಿಗೆ ಹಿಡಿದು ಬಂದರು. "ಹುಲಿ ಅಂದ ಮ್ಯಾಲ ಬರಿಗೈಲೆ ಹೆಂಗ ಬರೋದ್ರಿ?" ಎಂದರು. ಖಜೂರಿಯ ಪೈಲ್ವಾನರು ಕುಸ್ತಿಯ ಪಿಚ್ಚರ್ ಎಂದು ತಿಳಿದು ತೋಳು ತಿಕ್ಕಿಕೊಳ್ಳುತ್ತ ಬಂದರು. ಮುದುಕಿಯರು ಮೂಲೆಯ ದೇವರನ್ನು ನೋಡಿ, ಇದು ಭಕ್ತಿಯ ಆಟ ಎಂದು ತೆಂಗಿನಕಾಯಿ ತಂದರು. ಬೆಂಕಿಯನ್ನು ನೋಡಿದ ಮುಂಜಾಗ್ರತೆಯ ಮನುಷ್ಯನೊಬ್ಬ ಒಂದು ಕೊಡ ನೀರು ಹೊತ್ತುಕೊಂಡೇ ಒಳಗೆ ಬಂದು ಕೂತ. ಎಲ್ಲರೂ ಹಿಂದೆ ಹಿಂದೆ ಕೂಡತೊಡಗಿದರು. ಪರದೆಯ ಮುಂದಿನ ಜಾಗವನ್ನು ಹುಲಿಗೆ ಬಿಟ್ಟಿದ್ದರು.

ಲಕ್ಷ್ಮಣ ಪೇಂಟರ್ ಕೂಡ ಬಂದಿದ್ದರು, ತಮ್ಮ ಹುಲಿಯ ಕೆಳಗೆ ನಿಂತು ಮಂದಿಯ ಹೊಗಳಿಕೆ ಕೇಳಲು. ಗೌರಮ್ಮ ಬಂದು ಹೆಣ್ಣುಮಕ್ಕಳ ಕಡೆ ಕೂತಿದ್ದಾರೆ ಎಂದು ಗುರಮ್ಮ ಹೇಳಿಕಳಿಸಿದಳು. ಅಷ್ಟು ಮಂದಿಯನ್ನು ಕಂಡ ಗೌರಮ್ಮ ಹುಡುಗಿಯನ್ನು ಇಲ್ಲೇ ಧಾರೆ ಎರೆದುಬಿಡುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು.

ಮಷಿನ್ನು ಗರಗರ ಎಂದಿತು. ಪರದೆಯ ಮೇಲೆ ಗಂಡ ಬಂದ, ಹೆಂಡತಿ ಬಂದಳು.

"ಇಂವ ಗಂಡ್ರಿ, ಇಕಿ ಹೆಂಡತಿ," ಎಂದ ಸಿದ್ರಾಮ ಪರದೆಯ ಪಕ್ಕದಲ್ಲಿ ನಿಂತು. "ಇಂವ ಒಲಿ ಹಚ್ಚಾಕತ್ತಾನ..."

"ಹುಲಿ ಎಲ್ಲಿ?" ಮಟಕಿಯ ಕಡೆಯಿಂದ ಒಬ್ಬ ಕೂಗಿದ.

ನಾನು ಎದ್ದು ನಿಂತೆ. ಗಿರಾಕಿ ಬೇಸರಪಟ್ಟಾಗ ಎದ್ದು ನಿಲ್ಲುವವನೇ ದಲಾಲಿ. "ತಡೀರಿ, ತಡೀರಿ! ಹುಲಿ ಅಡವಿಯಿಂದ ಬರಬೇಕು. ಹಾದಿ ದೂರದ!"

ಗಂಡ ಹಿಟ್ಟು ಕಲಸಿದ. ಹಿಟ್ಟು ಅವನನ್ನು ಕಲಸಿತು. ಮಂದಿ ಹುಲಿಗಾಗಿ ಕಾಯುತ್ತಿದ್ದರು. ಹಿಟ್ಟನ್ನು ಯಾರು ನೋಡುತ್ತಾರೆ? ಹೆಣ್ಣುಮಕ್ಕಳ ಕಡೆಯಿಂದ ಯಾರೋ ಒಬ್ಬಾಕೆ ಮಾತ್ರ ಬಿದ್ದು ಬಿದ್ದು ನಗುತ್ತಿದ್ದಳು. ನನ್ನ ಪಾಡು ನೋಡಿಯೇ ನಗುತ್ತಿದ್ದಾಳೆಂದು ನನಗೆ ಸಿಟ್ಟು ಬಂತು.

ಪರದೆಯ ಮೇಲೆ ಅಡಿಗೆಮನೆಯ ಕಿಟಕಿ ಅಲುಗಾಡಿತು. ಬಡಿಗೆಗಳು ಮೇಲೆದ್ದವು. ಕಿಟಕಿಯಿಂದ ಒಳಗೆ ಇಳಿದದ್ದು ಬೆಕ್ಕು.

"ಇದ್ಯಾವ ಹುಲಿಯೋ?"

"ಅದು ಹುಲಿ ಮರಿ!" ಎಂದೆ ಧೈರ್ಯವಾಗಿ.

"ಹಾಲು ಕುಡ್ಯಾಕತ್ತದಲ್ರಿ!"

"ಮರಿ ಹಾಲು ಕುಡೀದೆ ಬಾಡೂಟ ಮಾಡ್ತದೇನು?"

ಒಂದು ಕ್ಷಣ ಎಲ್ಲರೂ ಒಪ್ಪಿದರು. ಗೆದ್ದೆ ಅಂದುಕೊಂಡೆ. ಆಗ ಮಟಕಿಯ ಅದೇ ಮನುಷ್ಯ, ಅವನ ನಾಲಿಗೆಗೆ ಹುಳ ಬೀಳಲಿ, ಮತ್ತೆ ಎದ್ದ: "ಹಂಗಾದ್ರ ಅದರ ತಾಯಿ ಎಲ್ಲಿ?"

"ತಾಯಿ! ತಾಯಿ!" ಎಂದು ತಂಬೆಲ್ಲ ಕೂಗಿತು. ಲಕ್ಷ್ಮಣ ಪೇಂಟರ್ ತಡೆಯಲಾರದೆ ಎದ್ದು ನಿಂತು, "ಹುಲಿ ಹೊರಗ ಅದರಿ! ನಾ ಬರದೀನಿ! ಹೊರಗ ಹೋಗಿ ನೋಡ್ರಿ!" ಎಂದರು. ಅದು ಉರಿಯುವ ಒಲೆಗೆ ಎಣ್ಣೆಯಾಯಿತು.

ಇಂಥ ಹೊತ್ತಿನಲ್ಲಿ ಅಂಜಿದವನು ಕೆಟ್ಟ. ನಾನು ಬೆಂಚಿನ ಮೇಲೆ ಹತ್ತಿ ವ್ಯಾಪಾರ ಶುರು ಮಾಡಿದೆ. "ಕೇಳ್ರಿ! ಪೋಸ್ಟರಿನಾಗ ಹುಲಿ ಒಂದ ಇತ್ತೇನು? ಕುದುರೀನೂ ಇತ್ತಲ್ಲ! ಹುಲಿ ಬಿಡ್ರಿ. ಕುದುರಿ ತೋರಸ್ತೇನಿ. ಅದೂ ಜೀವಂತ ಕುದುರಿ! ಸೌದಾ ಮುಗೀತೇನು?"

ಸ್ವಲ್ಪ ಗುಸುಗುಸು ನಡೆಯಿತು. "ಮುಗೀತು!" ಎಂದರು ಪೈಲ್ವಾನರು.

ಹೊರಗೆ ಓಡಿದೆ. ಬಯಲಿನ ಅಂಚಿನಲ್ಲಿ ನಿಂತಿದ್ದ ಟಾಂಗಾದವನ ಕೈಕಾಲು ಹಿಡಿದು ಕುದುರೆ ಬಿಚ್ಚಿಸಿದೆ. ಅದು ಪೋಸ್ಟರಿನ ಕುದುರೆಯ ಮುತ್ತಜ್ಜನಿದ್ದಂತಿತ್ತು. ಇರಲಿ, ಕಾಲು ನಾಲ್ಕಿದ್ದವು. ತಂಬಿನ ಹಿಂದಿನಿಂದ ಅದನ್ನು ಒಳಗೆ ಎಳೆತಂದು, ಹಗ್ಗವನ್ನು ನಡುಗಂಬಕ್ಕೆ ಒಂದು ಸುತ್ತು ಸುತ್ತಿ, ಪರದೆಯ ಮುಂದೆ ತಿರುಗಿಸಿದೆ.

ಅದೇ ಹೊತ್ತಿಗೆ ಪರದೆಯ ಮೇಲೆ ಗಂಡ ಬೆಕ್ಕನ್ನು ಹೊಡೆಯಲು ಲಟ್ಟಣಿಗೆ ಎತ್ತಿದ. ಕುದುರೆ ತಲೆ ಎತ್ತಿ ನೋಡಿತು. ತಾಳೆಮರದೆತ್ತರದ ಬಿಳೀ ಮನುಷ್ಯ, ಕೈಯಲ್ಲಿ ತೊಲೆಯಂಥ ಲಟ್ಟಣಿಗೆ, ನೇರ ತನ್ನ ಮೇಲೇ ಬರುತ್ತಿದ್ದಾನೆ! ಆ ಮುದಿ ಕುದುರೆ ಮುಂಗಾಲೆರಡನ್ನೂ ಆಕಾಶಕ್ಕೆ ಎತ್ತಿ, ಜೂಲು ಕೆದರಿ, ಮೂಗಿನ ಹೊಳ್ಳೆ ಅರಳಿಸಿ ನಿಂತಿತು.

"ಬಂತು! ಬರೋಬ್ಬರಿ ಪೋಸ್ಟರಿನಾಗ ಇದ್ದಂಗ ಬಂತು!" ತಂಬು ಹಾರಿಹೋಗುವಂಥ ಚಪ್ಪಾಳೆ!

ಹಾರಿಹೋಗಲಿಲ್ಲ. ಕೆಳಗೆ ಬಂತು. ಕುದುರೆ ಎಳೆದ ರಭಸಕ್ಕೆ ನಡುಗಂಬ ಕಿತ್ತು, ಇಡೀ ತಂಬು ಮೆಲ್ಲಗೆ, ಬಹಳ ಗಂಭೀರವಾಗಿ, ನಮ್ಮೆಲ್ಲರ ಮೇಲೆ ಕೂತಿತು. ಕೆಳಗೆ ಕತ್ತಲೆ, ಕೂಗಾಟ, ಉರುಳುವ ತೆಂಗಿನಕಾಯಿ. ಅಷ್ಟು ಹೊತ್ತು ಕಾದು ಕೂತಿದ್ದ ಕೊಡದ ಮನುಷ್ಯ, ತನ್ನ ಸಮಯ ಬಂತೆಂದು ನೀರನ್ನೆಲ್ಲ ಎತ್ತಿ ಸುರಿದ. ನನ್ನ ತಲೆಯ ಮೇಲೆ!

ಬಟ್ಟೆಯ ಅಡಿಯಿಂದ ತೆವಳಿ ಹೊರಗೆ ಬಂದು ನೋಡಿದೆ. ಸಿದ್ರಾಮ ತನ್ನ ಮಷಿನ್ನನ್ನು ಅಲ್ಲೇ ಬಿಟ್ಟು, ಹೆಣ್ಣುಮಕ್ಕಳ ಕಡೆಯ ಕಂಬವನ್ನು ಹೆಗಲ ಮೇಲೆ ಎತ್ತಿ ಹಿಡಿದು ನಿಂತಿದ್ದ. ಒಬ್ಬೊಬ್ಬರಾಗಿ ಎಲ್ಲರೂ ಅವನ ತೋಳಿನ ಕೆಳಗಿನಿಂದ ಹೊರಗೆ ಬಂದರು. ಯಾರಿಗೂ ಪೆಟ್ಟಾಗಿರಲಿಲ್ಲ. ಎಲ್ಲರಿಗಿಂತ ಕಡೆಗೆ ಬಂದಾಕೆ ಎತ್ತರದ ಮುದುಕಿ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಳುತ್ತಿದ್ದಾರೆಂದು ಹತ್ತಿರ ಹೋದರೆ, ನಗುತ್ತಿದ್ದರು! ಒಳಗೆ ಒಬ್ಬಳೇ ನಗುತ್ತಿದ್ದಾಕೆ ಇವರೇ!

ಗುರಮ್ಮ ನನ್ನ ರಟ್ಟೆಗೆ ಚಿವುಟಿ, "ಇವ್ರ ಗೌರಮ್ಮವ್ವ," ಎಂದಳು. ಒದ್ದೆ ರುಮಾಲು ಹಿಂಡುತ್ತ ಕೈ ಮುಗಿದೆ. "ಅವ್ವಾರ, ನಾ ಹುಡುಗನ ಭಾವ..."

"ಹುಲಿ ಮರಿ ಅಂದವ್ರು ನೀವೇ ಏನು?"

ರುಮಾಲನ್ನು ಇನ್ನೊಮ್ಮೆ ಹಿಂಡಿದೆ. ಗೌರಮ್ಮ ಸಿದ್ರಾಮನ ಕಡೆ ತಿರುಗಿದರು. "ತಮ್ಮಾ, ಹೆಣ್ಮಕ್ಕಳ ಬಾಗಲಕ್ಕ ಹಳದಿ ಚಿತ್ರ ಕಟ್ಟಿದವ್ರು ಯಾರು?"

"ನಾನ್ರಿ ಅವ್ವಾರ."

"ಬಾಗಲದಾಗ ಅದನ್ನ ನೋಡಿ, ಒಳಗ ಇದೇ ಇರ್ತದ ಅಂತ ಕೂತೆ. ಅದ ಇತ್ತು. ನನ್ನ ಗಂಡ ಹರೇದಾಗ ಒಂದಿನ ಹಿಂಗ ರುಮಾಲ ಸುತ್ತಿ ಒಲಿ ಮುಂದ ಕೂತಿದ್ರು. ಅವ್ರು ಹೋಗಿ ಭಾಳ ವರ್ಷ ಆತಪಾ. ಇವತ್ತ ಅವ್ರನ್ನ ನೋಡಿ ಬಂದಂಗಾತು." ಅವರು ಮತ್ತೆ ಸೆರಗು ಕಣ್ಣಿಗೆ ಒತ್ತಿದರು. ಈ ಸಲ ನಗಲಿಲ್ಲ. "ಇದು ಸುಳ್ಳಿನ ಧಂದೆ ಅಲ್ಲ. ಹುಡುಗಿ ಕೊಡ್ತೇನಿ."

ಸಿದ್ರಾಮ ಕಂಬ ಹಿಡಿದೇ ನಿಂತಿದ್ದ, ಕೆಳಗೆ ಇಡುವುದನ್ನೂ ಮರೆತಿದ್ದ.

ನಾನು ಸಂದರ್ಭ ಬಿಡುವವನಲ್ಲ. ಮುಂದೆ ನುಗ್ಗಿದೆ. "ಆ ಹಳದಿ ಚಿತ್ರ ಅಫಜಲಪುರದಿಂದ ತಂದವ ನಾನ ಅವ್ವಾರ! ಖುದ್ದು ಹೋಗಿ ತಂದೀನಿ!"

"ಹೌದಾ? ಮತ್ತ ಮುಂದಿನ ಬಾಗಲದಾಗಿಂದು?"

"ಅದು... ಅದು ಪೇಂಟರಂದು."

"ಹೌದ್ರಿ ಅವ್ವಾರ!" ಎಂದರು ಲಕ್ಷ್ಮಣ ಪೇಂಟರ್, ಎಲ್ಲಿಂದಲೋ ಎದೆ ಸೆಟೆಸಿ ಬಂದು. "ಹುಲಿ ನಂದು. ಕರಕೊಂಡ ಬಂದವ್ರು ಇವ್ರು!"

ಮಾತುಕತೆಗೆ ಅಂದೋಲಾಕ್ಕೆ ಬರಲು ಹೇಳಿ ಗೌರಮ್ಮ ಮರುದಿನ ಬಸ್ಸು ಹತ್ತಿದರು. ಹತ್ತುವ ಮೊದಲು ಗುರಮ್ಮನ ಕಿವಿಯಲ್ಲಿ ಏನೋ ಹೇಳಿದರು. ಏನೆಂದು ಕೇಳಿದರೆ ಗುರಮ್ಮ ಬಾಯಿ ಬಿಡಲಿಲ್ಲ.

ಅಂದೋಲಾದಲ್ಲಿ ತಿಳಿಯಿತು. ಆಳಂದದ ಸುತ್ತಮುತ್ತ ಎಷ್ಟೋ ಮದುವೆಯ ಮಾತುಗಳನ್ನು ಕುದುರಿಸಿಕೊಟ್ಟ ನಾನು, ನನ್ನ ಮನೆಯದೇ ಮಾತುಕತೆಗೆ ಗಂಟಲು ಸರಿಮಾಡಿಕೊಂಡು ಜಮಖಾನೆಯ ನಡುವೆ ಕೂತೆ. ಗೌರಮ್ಮ ಎಲೆ ಅಡಿಕೆಯ ತಟ್ಟೆ ಹಿಡಿದು ಬಂದು ನನ್ನ ಪಕ್ಕದಲ್ಲೇ ಕೂತರು. ಎಂಥ ಮರ್ಯಾದೆ ಎಂದು ಹಿಗ್ಗಿದೆ. ಹಿರಿಯರು ಸೀರೆಯ ಮಾತು ತೆಗೆದರು. ನಾನು ಬಾಯಿ ತೆರೆದೆ. "ಬೀಗರ, ಎಲಿ ಹಾಕ್ಕೊಳ್ರಿ," ಎಂದು ಗೌರಮ್ಮ ಮಡಿಸಿದ ಎಲೆಯ ಪಟ್ಟಿಯೊಂದನ್ನು ನನ್ನ ಬಾಯೊಳಗಿಟ್ಟರು. ಊಟದ ಮಾತು ಬಂತು. ಬಾಯಿ ತೆರೆದೆ. "ಇನ್ನೊಂದು ಹಾಕ್ಕೊಳ್ರಿ." ಮುಹೂರ್ತದ ಮಾತು ಬಂತು. ಈ ಸಲ ನಾನು ತೆರೆಯುವ ಮೊದಲೇ ಅವರ ಕೈ ಬಂತು! ಎದುರಿಗೆ ಕೂತ ಗುರಮ್ಮ ಗೋಡೆ ನೋಡುತ್ತಿದ್ದಳು. ಅವಳ ಹೆಗಲು ಮಾತ್ರ ಕುಲುಕುತ್ತಿದ್ದವು.

ನನ್ನ ಒಂದು ಮಾತೂ ಇಲ್ಲದೆ, ಎರಡೂ ಕಡೆಯವರಿಗೆ ಒಂದಿಷ್ಟೂ ಮನಸ್ತಾಪವಿಲ್ಲದೆ, ಎಲ್ಲವೂ ಬಹಳ ಸುಖವಾಗಿ ಮುಗಿಯಿತು. ಮದುವೆಯ ವಿಷಯದಲ್ಲಿ ನಿಮಗೆ ಹೇಳಲು ನನ್ನಲ್ಲಿ ಒಂದು ಬಹಳ ಒಳ್ಳೆಯ ಸಲಹೆ ಇತ್ತು. ಅದು ಇನ್ನೂ ಎಲೆಯ ಜೊತೆಗೆ ಗಲ್ಲದಲ್ಲೇ ಇದೆ!